ಮೊದಲು ಒಂದು ರೈಲು ಓಡಲಿ

ರಾಕ್ ಗಾಯಕ ರಾಡ್ ಸ್ಟುವರ್ಟ್ ಸಂಗೀತ ಪ್ರವಾಸಕ್ಕೆ ಹೊರಟರೆ ಹೋಟೆಲಿನಲ್ಲಿ ತಮ್ಮ ಕೋಣೆಯ ಜೊತೆಗೆ ಇನ್ನೊಂದು ಕೋಣೆ ಕೇಳಿ ಪಡೆಯುತ್ತಿದ್ದರು. ಅದು ಬಣ್ಣ, ಅಂಟು, ಕುಂಚ, ಬ್ಲೇಡುಗಳ ಪೆಟ್ಟಿಗೆ ಬಿಚ್ಚಿ ಹರಡಿಕೊಳ್ಳಲು. ರಾತ್ರಿ ಸಾವಿರಾರು ಜನರೆದುರು ಹಾಡುವುದು, ಹಗಲು ಹೊತ್ತು ಗೇಣುದ್ದದ ಕಟ್ಟಡಗಳ ಗೋಡೆಗೆ ಹೊಗೆ ಹಿಡಿದಂತೆ ಬಣ್ಣ ಕಟ್ಟುತ್ತಾ ಕೂರುವುದು. ಲಾಸ್ ಏಂಜಲೀಸಿನ ಅವರ ಮನೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೀರಿ ಹೀಗೆ ಬೆಳೆದದ್ದು ಸುಮಾರು 1,500 ಚದರಡಿಯ ಮಾಡೆಲ್ ರೈಲು ಲೇಔಟ್: 1940ರ ದಶಕದ ಅಮೆರಿಕದ ಒಂದು ಕಾಲ್ಪನಿಕ ನಗರ, ಅದರ ಗಗನಚುಂಬಿಗಳು, ಕಾರ್ಖಾನೆಗಳು, ಸೇತುವೆಗಳು, ನಡುವೆ ಓಡಾಡುವ ರೈಲುಗಳು. ಬೆಂಗಳೂರಿನ 30×40 ಸೈಟಿಗಿಂತ ಅದು ದೊಡ್ಡದು. 2019ರಲ್ಲಿ ಬ್ರಿಟನ್ನಿನ ‘ರೈಲ್ವೆ ಮಾಡೆಲರ್’ ಪತ್ರಿಕೆ ಅದರ ಚಿತ್ರಗಳನ್ನು ಅಚ್ಚು ಹಾಕಿತು.

ದುಡ್ಡಿದ್ದವರ ಮಾತು ಬಿಡಿ ಎನ್ನಬಹುದು. ಆದರೆ ದುಡ್ಡಿಗೆ ಸಂಬಂಧಿಸದ ಎರಡು ತೀರ್ಮಾನಗಳು ಇದರಲ್ಲಿವೆ. ಹೋಟೆಲಿಗೆ ಒಯ್ಯಬಹುದಾದ ಕೆಲಸವನ್ನು, ಅಂದರೆ ಕಟ್ಟಡಗಳನ್ನು, ಅವರು ಲೇಔಟಿನಿಂದ ಬೇರ್ಪಡಿಸಿಟ್ಟುಕೊಂಡರು. ಹಾಗಾಗಿ ತಿಂಗಳುಗಟ್ಟಲೆ ಮನೆಯಲ್ಲಿಲ್ಲದಿದ್ದರೂ ಕೈ ನಿಲ್ಲಲಿಲ್ಲ. ತಮಗೆ ಒಗ್ಗದ ವೈರಿಂಗ್ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಟ್ಟರು. ಈ ಹವ್ಯಾಸದಲ್ಲಿ ಕೈ ಸೋಲುವುದಕ್ಕಿಂತ ಮನಸ್ಸು ಸೋಲುವುದೇ ಹೆಚ್ಚು. ಅದನ್ನು ತಡೆಯುವ ಉಪಾಯಗಳೆಲ್ಲ ಇರುವುದು ಮೊದಲೇ ಹಾಕಿಕೊಳ್ಳುವ ನಕ್ಷೆಯಲ್ಲಿ.

ನಮ್ಮಲ್ಲಿ ಆರಂಭಶೂರರು ಎಂಬ ಮಾತಿದೆಯಲ್ಲ, ಮಾಡೆಲ್ ರೈಲಿನ ಲೋಕದಲ್ಲಿ ಅವರ ಸಂಖ್ಯೆ ಸಣ್ಣದಲ್ಲ. ನಡೆಯುವುದು ಸಾಮಾನ್ಯವಾಗಿ ಹೀಗೆ. ಮೊದಲು ಕಾಗದದ ಮೇಲೆ ಒಂದು ಭರ್ಜರಿ ನಕ್ಷೆ: ಜೋಡಿ ಹಳಿ, ಎರಡು ಜಂಕ್ಷನ್, ಒಂದು ಘಾಟ್, ಲೋಕೋ ಶೆಡ್, ಬಂದರು. ಆಮೇಲೆ ಪ್ಲೈವುಡ್ ಬರುತ್ತದೆ. ಅರ್ಧ ಹಳಿ ಹಾಸುವಷ್ಟರಲ್ಲಿ ಮಳೆಗಾಲ ಬರುತ್ತದೆ, ಮಕ್ಕಳ ಪರೀಕ್ಷೆ ಬರುತ್ತದೆ, ಮನೆಗೆ ನೆಂಟರು ಬರುತ್ತಾರೆ. ರೈಲು ಮಾತ್ರ ಬರುವುದಿಲ್ಲ, ಯಾಕೆಂದರೆ ಎಲ್ಲ ಹಳಿಯೂ ಕೂಡಿಕೊಂಡ ಹೊರತು ಓಡದಂತೆ ಅದನ್ನು ಯೋಜಿಸಿರುತ್ತೇವೆ. ಒಂದು ವರ್ಷ ಕಳೆದರೆ ಆ ಹಲಗೆಯ ಮೇಲೆ ಇಸ್ತ್ರಿ ಬಟ್ಟೆ ಕೂರುತ್ತದೆ. ಆ ಮೇಲೆ ಅದನ್ನು ಎಬ್ಬಿಸಿದವರನ್ನು ನಾನು ಕಂಡಿಲ್ಲ.

ಈ ಮಾತಿಗೆ ಎದುರಾಗಿ ನಿಲ್ಲುವ ಹೆಸರು ಜಾನ್ ಅಲೆನ್. 1913ರಲ್ಲಿ ಹುಟ್ಟಿದ ಈ ಅಮೆರಿಕನ್ ಛಾಯಾಗ್ರಾಹಕನಿಗೆ ಬಾಲ್ಯದ ಸಂಧಿವಾತ ಜ್ವರದಿಂದಾಗಿ ಹೃದಯ ದುರ್ಬಲವಾಗಿತ್ತು. 1946ರಲ್ಲಿ ಕ್ಯಾಲಿಫೋರ್ನಿಯಾದ ಕರಾವಳಿಯ ಊರು ಮಾಂಟೆರೆಗೆ ಬಂದು ನೆಲೆಸಿದ ಆತ ಕಟ್ಟತೊಡಗಿದ ‘ಗೋರಿ ಅಂಡ್ ಡಿಫೀಟೆಡ್’ ರೈಲ್ವೆಯನ್ನು ಇಂದಿಗೂ ಹವ್ಯಾಸಿಗಳು ಪುರಾಣದಂತೆ ಹೇಳಿಕೊಳ್ಳುತ್ತಾರೆ. ನೆಲದಿಂದ ಸೂರಿನವರೆಗೆ ಏರುವ ಬೆಟ್ಟಗಳು, ನೋಡುವವರು ಕಣಿವೆಯೊಳಗೇ ನಿಂತಂತಾಗುವ ದಾರಿಗಳು, ಇಕ್ಕಟ್ಟನ್ನು ವಿಶಾಲವಾಗಿ ತೋರಿಸುವ ಮರೆಗನ್ನಡಿಗಳು. ಹೊಸ ಆಟಿಕೆಯ ಮಿರುಗು ಉಳಿಸಿಕೊಳ್ಳುವುದೇ ರೂಢಿಯಾಗಿದ್ದ ಕಾಲದಲ್ಲಿ ತನ್ನ ಎಂಜಿನ್, ವ್ಯಾಗನ್‌ಗಳಿಗೆ ತುಕ್ಕು, ಧೂಳು, ಮಸಿ ಮೆತ್ತಿ ದುಡಿದು ದಣಿದಂತೆ ಮಾಡಿದವನೂ ಈತನೇ. ಯಾರ್ಡಿನಲ್ಲಿ ವ್ಯಾಗನ್ ಎಳೆಯಲು ಎಮ್ಮಾ ಎಂಬ ಹೆಸರಿನ ಒಂದು ಸ್ಟೆಗೋಸಾರಸ್ ಡೈನೋಸಾರನ್ನೂ ಇಟ್ಟಿದ್ದ! ಗಂಭೀರ ಹವ್ಯಾಸಿಗಳಲ್ಲಿ ಕೆಲವರಿಗೆ ಅದು ಹಿಡಿಸಲಿಕ್ಕಿಲ್ಲ. ನನಗೆ ಮಾತ್ರ ಆತ ಇಪ್ಪತ್ತಾರು ವರ್ಷ ಬೇಸರವಿಲ್ಲದೆ ದುಡಿದದ್ದರ ಗುಟ್ಟು ಒಂದಿಷ್ಟು ಆ ಎಮ್ಮಾಳಲ್ಲೇ ಇದೆ ಅನ್ನಿಸುತ್ತದೆ.

ಜನ ಈ ರೈಲ್ವೆಯ ಕೊನೆಯ ರೂಪದ ಫೋಟೊ ನೋಡಿ ಬೆರಗಾಗುತ್ತಾರೆ. ಗಮನಿಸಬೇಕಾದದ್ದು ಅದರ ಮೊದಲ ರೂಪ. 1946ರಲ್ಲಿ ಅಲೆನ್ ಕಟ್ಟಿದ್ದು ಹೆಚ್ಚುಕಡಿಮೆ ಮೂರೂವರೆ ಅಡಿ ಅಗಲ, ಆರೂಮುಕ್ಕಾಲು ಅಡಿ ಉದ್ದದ ಒಂದು ಹಲಗೆ, ಅಷ್ಟೇ. ಅದರ ಮೇಲೆ ಹಳಿ, ಊರು, ಗುಡ್ಡ, ಸೇತುವೆ ಎಲ್ಲವನ್ನೂ ಪೂರೈಸಿದ. ಅಲ್ಲಿ ರೈಲು ಓಡಿತು, ಅದರ ಚಿತ್ರಗಳು ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆಯಲ್ಲಿ ಬಂದವು. ಆಮೇಲೆ ಅದನ್ನು ಕಿತ್ತು ಹಾಕದೆ ಅದಕ್ಕೇ ತಾಗಿಸಿ ಎರಡನೆಯದನ್ನು ಬೆಳೆಸಿದ. 1953ರಲ್ಲಿ ನೆಲಮಾಳಿಗೆಯಿದ್ದ ಮನೆ ಕೊಂಡು ಮೂರನೆಯದನ್ನು ಶುರು ಮಾಡಿದಾಗಲೂ ಆ ಮೊದಲ ಹಲಗೆಯನ್ನು ದೊಡ್ಡ ಬೆಟ್ಟಸಾಲಿನ ಒಂದು ಭಾಗವಾಗಿ ಸೇರಿಸಿಕೊಂಡ. 1973ರ ಜನವರಿಯಲ್ಲಿ ಹೃದಯಾಘಾತದಿಂದ ಆತ ತೀರಿಕೊಂಡಾಗ ಲೇಔಟ್ ಪೂರ್ತಿ ಮುಗಿದಿರಲಿಲ್ಲ. ಹತ್ತೇ ದಿನಕ್ಕೆ ಮನೆಗೆ ಬೆಂಕಿ ಬಿದ್ದು ಬಹುಪಾಲು ಸುಟ್ಟುಹೋಯಿತು. ಮುಗಿಸುವುದೇ ಗುರಿಯಾಗಿದ್ದರೆ ಅದನ್ನು ಸೋಲೆನ್ನಬೇಕು. ಆದರೆ ಆತನ ರೈಲು ಮೊದಲ ಹಲಗೆಯ ಕಾಲದಿಂದಲೂ ಓಡುತ್ತಲೇ ಇತ್ತು.

ಅಂದಮೇಲೆ ಸಣ್ಣದಾಗಿ ಶುರು ಮಾಡಿ ಎಂದಷ್ಟೇ ಹೇಳಿದರೆ ಸಾಲದು. ಸಣ್ಣದರಲ್ಲೇ ಒಂದು ಸಂಪೂರ್ಣ ರೈಲ್ವೆ ಇರಬೇಕು, ಅದು ನಾಳೆಯ ದೊಡ್ಡದಕ್ಕೆ ಜೋಡಣೆಯಾಗುವಂತಿರಬೇಕು. ಅಮೆರಿಕದ ಡೇವಿಡ್ ಬ್ಯಾರೋ ತಮ್ಮ ಲೇಔಟನ್ನು ಎರಡಡಿ ಅಗಲ, ನಾಲ್ಕಡಿ ಉದ್ದದ ಒಂದೇ ಅಳತೆಯ ತುಂಡುಗಳಾಗಿ ಮಾಡಿ ‘ಡಾಮಿನೊ’ ಎಂದು ಕರೆದರು. ಬೇಕಾದಂತೆ ಜೋಡಿಸಬಹುದು, ಬೇಡವಾದರೆ ಒಂದನ್ನಷ್ಟೇ ತೆಗೆದು ಹೊಸದಿಡಬಹುದು. ಬಾಡಿಗೆ ಮನೆಯವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಹನ್ನೊಂದು ತಿಂಗಳ ಕರಾರು ಮುಗಿದ ದಿನ ಗೋಡೆಗೆ ಮೊಳೆ ಹೊಡೆದು ಕೂರಿಸಿದ ಘಾಟ್ ಸೆಕ್ಷನ್ನನ್ನು ಲಾರಿಗೆ ಹೇರುವುದು ಹೇಗೆ?

ಜಾಗದ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ಮಾಡೋಣ. ಬಹಳ ಜನ ಎಡವುವುದು ಇಲ್ಲಿಯೇ. ಲೋಕದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಅಳತೆ ಎಚ್‌ಒ: ನಿಜವಾದ ರೈಲಿನ 87ನೇ ಒಂದು ಭಾಗ, ಹಳಿಗಳ ನಡುವೆ 16.5 ಮಿಲಿಮೀಟರ್. ಪೆಟ್ಟಿಗೆಯಲ್ಲಿ ಬರುವ ಸೆಟ್‌ಗಳ ತಿರುವು ಸಾಮಾನ್ಯವಾಗಿ 18 ಇಂಚು ತ್ರಿಜ್ಯದ್ದು, ಅಂದರೆ ವೃತ್ತ ಮೂರಡಿ. ಅಂಚು ಬಿಟ್ಟರೆ ನಾಲ್ಕಡಿ. ಮರದಂಗಡಿಯಲ್ಲಿ ಸಿಗುವ 8×4ರ ಪ್ಲೈವುಡ್ ಹಾಳೆಗೆ ಸರಿಯಾಗಿ ಹೊಂದುತ್ತದೆ, ಹಾಗಾಗಿ ಎಲ್ಲರ ಕೈಯೂ ಮೊದಲು ಅದಕ್ಕೇ ಹೋಗುತ್ತದೆ. ಆದರೆ ನಿಂತಲ್ಲಿಂದ ಕೈ ಎಟುಕುವುದು ಸುಮಾರು ಎರಡೂವರೆ ಅಡಿ. ನಾಲ್ಕಡಿ ಹಲಗೆಯ ಆಚೆ ಬದಿಯಲ್ಲಿ ಬೋಗಿ ಹಳಿ ತಪ್ಪಿದರೆ ಎತ್ತಿಡಲು ಆ ಕಡೆಗೂ ಹೋಗಬೇಕು. ಎರಡೂ ಕಡೆ ಎರಡೆರಡು ಅಡಿ ಓಡಾಟಕ್ಕೆ, ಒಂದು ತುದಿಯಲ್ಲಿ ಎರಡಡಿ. 10×10ರ ಕೋಣೆಯಲ್ಲಿ 8×10 ಹೋಯಿತು! ಅದೇ ಕೋಣೆಯ ಎರಡು ಗೋಡೆಗೆ ಒರಗಿಸಿ ಒಂದೂವರೆ ಅಡಿ ಅಗಲದ ಹಲಗೆ ಹಾಕಿದರೆ ಹದಿನೆಂಟೂವರೆ ಅಡಿ ಉದ್ದ ಸಿಗುತ್ತದೆ, ನಡುವೆ ಮಂಚವೂ ಉಳಿಯುತ್ತದೆ. ಮನೆಯವರ ಒಪ್ಪಿಗೆಯೂ ಉತ್ಸಾಹದ ಒಂದು ಮೂಲ ಎಂಬುದನ್ನು ಇಂಗ್ಲಿಷಿನ ಕೈಪಿಡಿಗಳು ಯಾಕೋ ಹೇಳುವುದಿಲ್ಲ.

ರೈಲಿನ ಉದ್ದವೂ ಹಾಗೆಯೇ. ನಮ್ಮ ನೀಲಿ ಐಸಿಎಫ್ ಬೋಗಿ 22 ಮೀಟರಿಗಿಂತ ಸ್ವಲ್ಪ ಉದ್ದ. ಎಚ್‌ಒ ಅಳತೆಯಲ್ಲಿ ಹತ್ತಿರಹತ್ತಿರ 26 ಸೆಂಟಿಮೀಟರ್. ಇಪ್ಪತ್ತು ಬೋಗಿಯ ಎಕ್ಸ್‌ಪ್ರೆಸ್ ಐದು ಮೀಟರ್ ದಾಟುತ್ತದೆ. ಅದಕ್ಕೆ ತಕ್ಕ ಪ್ಲಾಟ್‌ಫಾರ್ಮ್ ಹಾಕಿದರೆ ಮನೆಯಲ್ಲಿ ಬೇರೇನೂ ಇರುವಂತಿಲ್ಲ. ಐದು ಬೋಗಿಗೆ ಇಳಿಸಿದರೆ ಎಕ್ಸ್‌ಪ್ರೆಸ್ಸೆಂದು ನಂಬಲು ಮನಸ್ಸು ಒಪ್ಪುವುದಿಲ್ಲ. ನಿಜಜೀವನದಲ್ಲೇ ಮೂರು ಬೋಗಿ ಎಳೆಯುವ ಶಾಖಾ ಮಾರ್ಗವನ್ನು ಆರಿಸಿಕೊಂಡರೆ ಈ ತಕರಾರೇ ಇಲ್ಲ.

ಎಷ್ಟು ಸಣ್ಣದರಲ್ಲಿ ಎಷ್ಟು ಆಟ ಸಾಧ್ಯ ಎಂಬುದಕ್ಕೆ ಬ್ರಿಟನ್ನಿನ ಆಲನ್ ರೈಟ್ ಒಂದು ಉತ್ತರ ಕೊಟ್ಟಿದ್ದಾರೆ. ನಾರ್ತಂಬರ್ಲೆಂಡಿನ ಕಿಲ್ಹ್ಯಾಮ್ ಎಂಬ ಹಳ್ಳಿ ನಿಲ್ದಾಣದ ಸೈಡಿಂಗುಗಳನ್ನು ನೋಡಿ ಅವರು ರೂಪಿಸಿದ್ದು ‘ಇಂಗಲ್‌ನೂಕ್’. ಎರಡೇ ಪಾಯಿಂಟ್, ಅಂದರೆ ಹಳಿ ಕವಲೊಡೆಯುವ ಜಾಗ; ಮೂರು ಸೈಡಿಂಗ್, ಅಂದರೆ ವ್ಯಾಗನ್ ನಿಲ್ಲಿಸುವ ಪಕ್ಕದ ಹಳಿ. ಒಂದರಲ್ಲಿ ಐದು ವ್ಯಾಗನ್ ಹಿಡಿಸುತ್ತದೆ, ಉಳಿದೆರಡರಲ್ಲಿ ಮೂರು ಮೂರು. ಎಂಜಿನ್ ಹಿಂದೆಮುಂದೆ ಓಡಾಡುವ ತುದಿಯ ಹಳಿಯಲ್ಲಿ ಎಂಜಿನ್ ಜೊತೆ ಮೂರೇ ವ್ಯಾಗನ್‌ಗೆ ಜಾಗ. ಸಣ್ಣ ವ್ಯಾಗನ್‌ಗಳಾದರೆ ಎಚ್‌ಒದಲ್ಲೂ ಇದಕ್ಕೆ ನಾಲ್ಕೈದು ಅಡಿ ಉದ್ದದ, ಒಂದಡಿ ಅಗಲದ ಹಲಗೆ ಸಾಕು.

ಆಟ ಹೀಗೆ: ಒಟ್ಟು ಎಂಟು ವ್ಯಾಗನ್. ಪ್ರತಿಯೊಂದಕ್ಕೂ ಒಂದು ಚೀಟಿ. ಕಣ್ಣುಮುಚ್ಚಿ ಐದು ಚೀಟಿ ಎತ್ತಬೇಕು. ಬಂದ ಐದು ವ್ಯಾಗನ್, ಬಂದ ಅದೇ ಕ್ರಮದಲ್ಲಿ, ಉದ್ದದ ಸೈಡಿಂಗಿನಲ್ಲಿ ಸಾಲಾಗಿ ನಿಲ್ಲುವವರೆಗೆ ಶಂಟಿಂಗ್ ಮಾಡಬೇಕು. ಮೊದಲನೆಯದು ಪೆಟ್ರೋಲ್ ಟ್ಯಾಂಕರ್ ಬೇಕು, ಅದೋ ಗಿಡ್ಡ ಸೈಡಿಂಗಿನ ಒಳತುದಿಯಲ್ಲಿ ಕೂತಿದೆ. ಮುಂದಿನ ಎರಡನ್ನು ಎಳೆದು ಬೇರೆಡೆ ತಳ್ಳೋಣವೆಂದರೆ ಅಲ್ಲಿ ಒಂದಕ್ಕೆ ಮಾತ್ರ ಜಾಗ. ತುದಿಯ ಹಳಿಯಲ್ಲಿ ಮೂರಕ್ಕಿಂತ ಹೆಚ್ಚು ಹಿಡಿಸಿದ್ದರೆ ಇದೆಲ್ಲ ನಿಮಿಷದ ಕೆಲಸ. ಆ ಮೂರರ ಮಿತಿಯೇ ಆಟದ ಜೀವ. ಎಂಟರಲ್ಲಿ ಐದನ್ನು ಕ್ರಮವಾಗಿ ಜೋಡಿಸುವ ಬಗೆ ಎಂಟು ಗುಣಿಸು ಏಳು ಗುಣಿಸು ಆರು ಗುಣಿಸು ಐದು ಗುಣಿಸು ನಾಲ್ಕು, ಒಟ್ಟು 6,720. ದಿನಕ್ಕೊಂದರಂತೆ ಆಡಿದರೆ ಹದಿನೆಂಟು ವರ್ಷ ಬೇಕು. ಅಲೆನ್ ಕೂಡ ‘ಟೈಮ್‌ಸೇವರ್’ ಎಂಬ ಇಂಥದೇ ಶಂಟಿಂಗ್ ಆಟ ಮಾಡಿದ್ದ. ಅದರಲ್ಲಿ ಐದು ಪಾಯಿಂಟ್; ಹೊಸಬರಿಗೆ ನಾನಾದರೆ ರೈಟ್‌ರದ್ದನ್ನೇ ಹೇಳುತ್ತೇನೆ.

ಈ ಪುಟ್ಟ ಹಲಗೆಯನ್ನು ದೊಡ್ಡ ಲೋಕಕ್ಕೆ ಕೂಡಿಸುವ ಉಪಾಯ ಬಂದದ್ದು ನ್ಯೂ ಆರ್ಲಿಯನ್ಸಿನ ಫ್ರಾಂಕ್ ಎಲಿಸನ್ ಅವರಿಂದ. 1944ರಿಂದ ಬರೆದ ಲೇಖನಮಾಲೆಯಲ್ಲಿ ಅವರು ಲೇಔಟನ್ನು ರಂಗಸ್ಥಳವೆಂದೂ ರೈಲುಗಳನ್ನು ಪಾತ್ರಧಾರಿಗಳೆಂದೂ ವೇಳಾಪಟ್ಟಿಯನ್ನು ಕಥೆಯೆಂದೂ ಭಾವಿಸಿದರು. ರಂಗಸ್ಥಳವಾದರೆ ನೇಪಥ್ಯ ಬೇಕು. ಹಲಗೆಯ ಒಂದು ತುದಿಯಲ್ಲಿ ಗುಡ್ಡದ ಹಿಂದೆಯೋ ಕಾರ್ಖಾನೆಯ ಗೋಡೆಯ ಹಿಂದೆಯೋ ಮೂರು ನಾಲ್ಕು ಮರೆ ಹಳಿಗಳು. ರೈಲುಗಳು ಅಲ್ಲಿ ಸಜ್ಜಾಗಿ ನಿಂತು ಸರದಿ ಬಂದಾಗ ಪ್ರವೇಶಿಸುತ್ತವೆ, ಕೆಲಸ ಮುಗಿಸಿ ನಿಷ್ಕ್ರಮಿಸುತ್ತವೆ. ಓಹಿಯೋದ ಡೇಟನ್ನಿನಲ್ಲಿ ‘ವರ್ಜಿನಿಯನ್ ಅಂಡ್ ಓಹಿಯೋ’ ಕಟ್ಟಿದ ಅಲೆನ್ ಮೆಕ್‌ಕ್ಲೆಲಂಡ್ ಇದನ್ನೇ ಮುಂದುವರಿಸಿ, ನೆಲಮಾಳಿಗೆಯಾಚೆಯ ದೊಡ್ಡ ರೈಲುಜಾಲದ ಒಂದು ತುಂಡಷ್ಟೇ ತನ್ನ ಲೇಔಟ್ ಎಂಬಂತೆ ನಡೆಸಿದರು. ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವ ರೈಲಿನ ಮೇಲೆ ಉಳಿಯುವ ಕುತೂಹಲ, ಗಿರಗಿರನೆ ಸುತ್ತುವ ರೈಲಿನ ಮೇಲೆ ಅರ್ಧ ಗಂಟೆಯೂ ಉಳಿಯುವುದಿಲ್ಲ.

ಇಷ್ಟೆಲ್ಲ ಯೋಜಿಸಿದ ಮೇಲೂ ನಡುವೆ ಒಂದು ಬರಗಾಲ ಬರುತ್ತದೆ. ಹಳಿ ಹಾಸಿಯಾಗಿದೆ, ರೈಲು ಓಡಿಯಾಗಿದೆ, ಮುಂದಿನದು ವೈರಿಂಗ್ ಮತ್ತು ಜಲ್ಲಿ. ವೈರಿಂಗ್ ಹಲಗೆಯ ಅಡಿಯಲ್ಲಿ ಕತ್ತು ಮೇಲೆತ್ತಿಕೊಂಡು ಮಾಡುವ ಕೆಲಸ. ಹಳಿಯ ಪ್ರತಿ ತುಂಡಿಗೂ ಒಂದು ಜೊತೆ ತಂತಿ ಬೆಸುಗೆ ಹಾಕಬೇಕು. ಹಳಿಯ ಕೀಲುಗಳ ಮೂಲಕವೇ ಕರೆಂಟು ಹರಿಯಲಿ ಎಂದು ಬಿಟ್ಟರೆ ಒಂದೆರಡು ವರ್ಷದಲ್ಲಿ ಕೀಲು ಸಡಿಲವಾಗಿ, ಕಿಲುಬು ಹಿಡಿದು, ಎಂಜಿನ್ ನಡುದಾರಿಯಲ್ಲಿ ನಿಲ್ಲುತ್ತದೆ. ಆಗಾಗ ನಿಂತುಬಿಡುವ ಎಂಜಿನ್‌ನಷ್ಟು ಬೇಗ ಉತ್ಸಾಹ ಹೀರುವುದು ಇನ್ನೊಂದಿಲ್ಲ. ಇದೇ ಕಾರಣಕ್ಕೆ ಹಳಿಗೂ ಪಾಯಿಂಟಿಗೂ ದುಡ್ಡು ಹಿಡಿಯಬಾರದು, ಹಿಡಿಯುವುದಾದರೆ ಕಟ್ಟಡಗಳಲ್ಲಿ ಹಿಡಿಯಿರಿ.

ಜಲ್ಲಿಯ ಕೆಲಸ ಬೇರೆಯೇ ತರದ ತಾಳ್ಮೆ ಬೇಡುತ್ತದೆ. ನಮ್ಮ ರೈಲ್ವೆ ಹಾಕುವ 65 ಮಿಲಿಮೀಟರಿನ ಜಲ್ಲಿ 87 ಪಟ್ಟು ಕುಗ್ಗಿದರೆ ಮುಕ್ಕಾಲು ಮಿಲಿಮೀಟರ್, ಅಂದರೆ ಜರಡಿ ಹಿಡಿದ ಮರಳು. ಅದನ್ನು ಚಮಚದಿಂದ ಸ್ಲೀಪರುಗಳ ನಡುವೆ ಉದುರಿಸಿ, ಒಣ ಕುಂಚದಿಂದ ಸವರುತ್ತಾ, ಹಳಿಯ ಒಳಮಗ್ಗುಲಿಗೆ ಒಂದು ಕಾಳೂ ತಾಗದಂತೆ ಕೂರಿಸಬೇಕು. ತಾಗಿದ ಒಂದು ಕಾಳು ಗಾಲಿಯನ್ನು ಎತ್ತಿ ಹಾಕುತ್ತದೆ. ಆಮೇಲೆ ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿ ಬೆರೆಸಿದ ನೀರನ್ನು ಮೆಲ್ಲಗೆ ಸಿಂಪಡಿಸಿ, ಅರ್ಧಕ್ಕರ್ಧ ನೀರು ಕೂಡಿಸಿದ ಫೆವಿಕಾಲನ್ನು ಡ್ರಾಪರಿನಿಂದ ಹನಿಹನಿಯಾಗಿ ಬಿಡಬೇಕು. ಒದ್ದೆ ಮಾಡದೆ ನೇರ ಅಂಟು ಬಿಟ್ಟರೆ ಹನಿ ಇಂಗುವುದಿಲ್ಲ, ಗುಂಡಗೆ ನಿಂತು ಮರಳನ್ನು ಮೈಗೆ ಹತ್ತಿಸಿಕೊಂಡು ಉರುಳುತ್ತದೆ. ಪಾಯಿಂಟಿನ ಅಲುಗಿನ ಬಳಿ ಅಂಟು ಹರಿದರೆ ಮಾರನೆಯ ಬೆಳಗ್ಗೆ ಪಾಯಿಂಟ್ ಅಲುಗಾಡುವುದಿಲ್ಲ. ಒಮ್ಮೆಗೆ ಒಂದಡಿಗಿಂತ ಹೆಚ್ಚು ಮಾಡದಿರುವುದು ಜಾಣತನ. ಆ ಒಂದಡಿಯ ಅಕ್ಕಪಕ್ಕದ ಹುಲ್ಲು, ಬೇಲಿ, ಸಿಗ್ನಲ್ ಕಂಬಗಳನ್ನೂ ಅದೇ ವಾರ ಮುಗಿಸಿಬಿಟ್ಟರೆ ಬೋಳು ಹಲಗೆಯ ನಡುವೆ ಒಂದು ತುಣುಕು ನಿಜಲೋಕ ಎದ್ದು ಕಾಣುತ್ತದೆ. ಕೈಯಾಡಿಸಲು ಬೇಸರವಾದ ಸಂಜೆ ಅದನ್ನು ನೋಡಿದರೆ ಮುಂದಿನ ಅಡಿಗೆ ಮನಸ್ಸಾಗುತ್ತದೆ.

ಎಷ್ಟು ಚೆನ್ನಾಗಿ ಮಾಡಬೇಕು ಎಂಬ ಪ್ರಶ್ನೆಗೆ ಎರಡು ಉತ್ತರಗಳಿವೆ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ಷೈರಿನ ಲಾಂಗ್ ವಿಟನ್‌ಹ್ಯಾಮ್ ಎಂಬ ಹಳ್ಳಿಯಲ್ಲಿ ಪೆಂಡನ್ ಮ್ಯೂಸಿಯಂ ಇದೆ. ಆಸ್ಟ್ರೇಲಿಯಾದಿಂದ ಬಂದ ರಾಯ್ ಇಂಗ್ಲೆಂಡ್ ಎಂಬಾತ ಮರೆಯಾಗುತ್ತಿದ್ದ ಹುಲ್ಲುಮಾಡಿನ ಮನೆಗಳನ್ನು ಮಾದರಿಯಲ್ಲಾದರೂ ಉಳಿಸಬೇಕೆಂದು 1954ರಲ್ಲಿ ಅದನ್ನು ಆರಂಭಿಸಿದ. 1920–30ರ ದಶಕಗಳ ಒಂದು ಕಣಿವೆಯನ್ನು ಅಲ್ಲಿ ಕಿಟಕಿಯ ಪರದೆ, ತೋಟದ ತರಕಾರಿ ಸಮೇತ ಕಟ್ಟುತ್ತಾ ಬಂದಿದ್ದಾರೆ. ಒಂದೊಂದು ಮನೆಗೆ ನೂರಾರು ಗಂಟೆ ಹಿಡಿಯುತ್ತದೆ. ಅದು ಸಾಧ್ಯವಾದದ್ದು ಒಬ್ಬರ ಕೈಯಿಂದ ಇನ್ನೊಬ್ಬರಿಗೆ ಕೆಲಸ ದಾಟಿಸುವ ಸ್ವಯಂಸೇವಕರ ತಂಡ ಇದ್ದುದರಿಂದ. ಇನ್ನೊಂದು ಉತ್ತರ ಮೆಕ್‌ಕ್ಲೆಲಂಡ್‌ರದ್ದು: ಇಷ್ಟಾದರೆ ಸಾಕು ಎಂಬ ಒಂದು ಮಟ್ಟವನ್ನು ಮೊದಲೇ ಗೊತ್ತುಮಾಡಿಕೊಂಡು ಇಡೀ ಲೇಔಟನ್ನು ಅದೇ ಮಟ್ಟದಲ್ಲಿ ನಡೆಸುವುದು. ಒಂದು ಎಂಜಿನ್ ಪರಿಪೂರ್ಣ, ಉಳಿದದ್ದೆಲ್ಲ ಬರಿಯ ಪ್ಲೈವುಡ್ ಎಂಬ ಸ್ಥಿತಿಗಿಂತ ಇದು ಎಷ್ಟೋ ಮೇಲು. ಮನೆಯಲ್ಲಿ ಒಬ್ಬರೇ ಕೂತು ಮಾಡುವವರು ಪೆಂಡನ್ನಿನ ಚಿತ್ರಗಳನ್ನು ನೋಡಿ ಸಂತೋಷಪಡಲಿ, ಅಲ್ಲಿಗೆ ಬಿಡಲಿ.

ಜೊತೆಗಾರರಿದ್ದರೆ ಕೆಲಸಕ್ಕೆ ತಾನಾಗಿ ಗಡುವು ಬೀಳುತ್ತದೆ. ಜಾನ್ ಅಲೆನ್‌ನ ಮನೆಗೆ ಗೆಳೆಯರು ಗುಂಪಾಗಿ ಬಂದು ವೇಗವಾಗಿ ಓಡುವ ಗಡಿಯಾರಕ್ಕೆ ತಕ್ಕಂತೆ ರೈಲು ನಡೆಸುತ್ತಿದ್ದರು. ಅವರು ಬರುವ ಸಂಜೆಗೆ ಕೆಟ್ಟ ಪಾಯಿಂಟ್ ರಿಪೇರಿಯಾಗಿರಲೇಬೇಕು. ಬ್ರಿಟನ್ನಿನ ಪಾದ್ರಿ ಪೀಟರ್ ಡೆನ್ನಿಯವರ ‘ಬಕಿಂಗ್‌ಹ್ಯಾಮ್’ ಲೇಔಟಿನಲ್ಲಿ ಒಂದು ನಿಲ್ದಾಣವನ್ನು ನೋಡಿಕೊಳ್ಳುತ್ತಿದ್ದವನು ಮಗ ಕ್ರಿಸ್ಪಿನ್. ಮಗ ಇಲ್ಲದ ಹೊತ್ತಿಗೆ ಆ ನಿಲ್ದಾಣ ನಡೆಸಲೆಂದು ಡೆನ್ನಿ ಒಂದು ಯಂತ್ರವನ್ನೇ ಕಟ್ಟಿ ಅದಕ್ಕೆ ‘ಆಟೊಮ್ಯಾಟಿಕ್ ಕ್ರಿಸ್ಪಿನ್’ ಎಂದು ಹೆಸರಿಟ್ಟರು. ನಮ್ಮಲ್ಲಿ ಪಕ್ಕದ ಮನೆಯ ಹುಡುಗರಿಗೆ ಕೊರತೆಯಿಲ್ಲ, ಅಷ್ಟು ದೂರ ಹೋಗಬೇಕಾಗಿಲ್ಲ. ಓಡುವ ಲೇಔಟನ್ನು ಎದುರಿಗೆ ನೋಡಬೇಕೆನ್ನುವವರಿಗೆ ಪುಣೆಯ ಕೋಥ್ರೂಡಿನಲ್ಲಿ 1998ರಲ್ಲಿ ತೆರೆದ ಜೋಶಿ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ಇದೆ.

ಕನ್ನಡನಾಡಿನದೇ ಮಾರ್ಗ ಮಾಡಬೇಕೆಂಬ ಆಸೆಯಿದ್ದರೆ ನನ್ನ ಮತ ತಾಳಗುಪ್ಪಕ್ಕೆ. ಬ್ರಾಡ್‌ಗೇಜ್ ಆಗುವ ಮೊದಲು ಶಿವಮೊಗ್ಗದಿಂದ ಸಾಗರದ ಮೇಲೆ ಅಲ್ಲಿಗೆ ಮೀಟರ್‌ಗೇಜ್ ಹಳಿಯಿತ್ತು. ಕೊನೆಯ ದಿನಗಳಲ್ಲಿ ಅದರ ಮೇಲೆ ಓಡುತ್ತಿದ್ದುದು ಒಂಟಿ ರೈಲುಬಸ್. ಐದಡಿ ಆರಿಂಚಿನ ನಮ್ಮ ಬ್ರಾಡ್‌ಗೇಜ್ ಎಚ್‌ಒದಲ್ಲಿ 19.3 ಮಿಲಿಮೀಟರ್ ಇರಬೇಕು, ಮಾರುಕಟ್ಟೆಯ ಹಳಿ 16.5, ಮೂರು ಮಿಲಿಮೀಟರಿನ ಸುಳ್ಳನ್ನು ನುಂಗಿಕೊಳ್ಳಬೇಕು. ಮೀಟರ್‌ಗೇಜ್ ಆದರೆ ಲೆಕ್ಕಕ್ಕೆ 11.5, ಸ್ವಿಸ್ ಮಾರ್ಗಗಳ ಮಾದರಿಗೆಂದು ಸಿಗುವ ಹಳಿ 12. ಕಣ್ಣಿಗೆ ವ್ಯತ್ಯಾಸವೇ ಕಾಣದು. ತಾಳಗುಪ್ಪ ಕೊನೆಯ ನಿಲ್ದಾಣ, ಆದ್ದರಿಂದ ನೇಪಥ್ಯ ಒಂದೇ ಕಡೆ ಸಾಕು: ಬಲತುದಿಯಲ್ಲಿ ಹಸಿರು ದಿಬ್ಬ, ಅದರ ಹಿಂದೆ ಸಾಗರದ ಕಡೆಯ ಹಳಿ. ಬಿಸಿಲು ಮಳೆಗೆ ಕಪ್ಪಾದ ಹೆಂಚು, ಜಂಬಿಟ್ಟಿಗೆ ಬಣ್ಣದ ನೆಲ, ಜೋಗಕ್ಕೆ ಹೋಗುವವರಿಗಾಗಿ ಹೊರಗೆ ಕಾದಿರುವ ಒಂದು ಬಸ್ಸು. ಮೀಟರ್‌ಗೇಜ್ ಬೋಗಿಗಳ ಅಳತೆ, ಬಣ್ಣ, ಮೆಟ್ಟಿಲುಗಳನ್ನು ಹತ್ತಿರದಿಂದ ನೋಡಿ ಬರೆದುಕೊಳ್ಳಲು ಮೈಸೂರಿನ ರೈಲು ಮ್ಯೂಸಿಯಂ ಇದೆ. ರೈಲುಬಸ್ಸಿನ ಮಾದರಿ ಅಂಗಡಿಯಲ್ಲಿ ಸಿಗಲಾರದು, ಕಾರ್ಡ್‌ಬೋರ್ಡ್ ಅಥವಾ ಪ್ಲಾಸ್ಟಿಕ್ ಹಾಳೆಯಲ್ಲಿ ನೀವೇ ಕಟ್ಟಿ ಯಾವುದಾದರೂ ಸಣ್ಣ ಎಂಜಿನ್ನಿನ ಮೋಟಾರ್ ಚೌಕಟ್ಟಿನ ಮೇಲೆ ಕೂರಿಸಬೇಕು. ಅದು ಸಿದ್ಧವಾಗುವವರೆಗೆ ಕಾಯಬೇಡಿ. ನಾಲ್ಕಡಿ ಹಳಿ ಬಿದ್ದ ದಿನವೇ ಆ ಚೌಕಟ್ಟನ್ನು, ಮೇಲೆ ಮೈ ಇಲ್ಲದಿದ್ದರೂ ಸರಿ, ಸಾಗರದಿಂದ ತಾಳಗುಪ್ಪಕ್ಕೆ ಒಮ್ಮೆ ಓಡಿಸಿಬಿಡಿ.